ಅಗ್ನಿ ಮೂಲೆಯ ರಂಗೋಲಿ

ಆಂಡರ್ಸನ್‌ಪೇಟೆಯ ಮನೆ ಬಿಟ್ಟಾಗ ಓನರ್ ಅಮ್ಮಾಜಮ್ಮ ನಮ್ಮ ಅಡ್ವಾನ್ಸಿನಲ್ಲಿ ಎಂಟು ಸಾವಿರ ಹಿಡಿದುಕೊಂಡಳು. ಕಾರಣ, ನಡುಮನೆಯ ಕೆಂಪು ನೆಲದ ಮೇಲೆ ತಟ್ಟೆಯಗಲದ ಕಪ್ಪು ಕಲೆ.

"ಮನೇಗ್ ಬಂದ್ ದಿನ ಆಲು ಉಕ್ಕಿಸಿದ್ರಲ್ಲಮ್ಮ, ಅವತ್ತು ಸುಟ್ಟಿದ್ದು. ನೆಲ ಕಿತ್ತು ಬ್ಯಾರೆ ಆಕಿಸ್ಬೇಕು," ಎಂದಳು.

ಗ್ಯಾಸಿನ ಮೇಲೆ ಹಾಲು ಉಕ್ಕಿಸುತ್ತೇನೆ ಎಂದ ನನ್ನನ್ನು ಅವತ್ತು ತಡೆದವಳು ಅವಳೇ. ಸೌದೆಯಲ್ಲೇ ಉಕ್ಕಬೇಕು, ನಡುಮನೆಯ ಅಗ್ನಿ ಮೂಲೆಯಲ್ಲೇ ಉಕ್ಕಬೇಕು ಎಂದು ಹಟ. ನಾವು ಬರುವಷ್ಟರಲ್ಲಿ ಅಲ್ಲಿ ಒತ್ತೊತ್ತಾಗಿ ರಂಗೋಲಿ ತುಂಬಿ, ಮೂರು ಇಟ್ಟಿಗೆ ಜೋಡಿಸಿಯೂ ಇಟ್ಟಿದ್ದಳು. ಫ್ಯಾಕ್ಟರಿ ಕೆಲಸಕ್ಕೆ ದಾವಣಗೆರೆಯಿಂದ ಬಂದವರು ನಾವು. ಗುರುತಿಲ್ಲದ ಊರಲ್ಲಿ ತಾಯಿಯಂಥವಳು ಸಿಕ್ಕಳು ಎಂದು ನನ್ನ ಕಣ್ಣು ತುಂಬಿತ್ತು. ಬೂದಿ ಗುಡಿಸಿದಾಗ ಕಂಡ ಕಲೆ ನಮ್ಮದೇ ಎಂದು ನಾಚಿ, ಮೇಲೆ ಅಕ್ಕಿ ಡಬ್ಬ ಇಟ್ಟಿದ್ದೆ.

ಈಗ ತಲೆಗೆ ಹುಳ ಹೊಕ್ಕಿತು. ನಾಲ್ಕು ಕಡ್ಡಿ ಸೌದೆಗೆ ನೆಲ ಅಷ್ಟು ಸುಡುತ್ತದೆಯೇ?

"ಬಿಡು ಶಶಿ, ವಯಸ್ಸಾದವರ ಜೊತೆ ಏನು ಜಗಳ," ಎಂದರು ನಮ್ಮವರು ಚಂದ್ರಶೇಖರ್. ಬಿಡುವುದು ಹೇಗೆ? ನಮ್ಮ ಸಾಮಾನೆಲ್ಲ ಬಂಗಾರಪೇಟೆಯ ಹೊಸ ಓನರ್ ಕಲ್ಪನ ಅವರ ಶೆಡ್ಡಿನಲ್ಲಿತ್ತು. ಭಾನುವಾರ ಹಾಲು ಉಕ್ಕಿಸುವುದರೊಳಗೆ ಬಾಕಿ ಅಡ್ವಾನ್ಸ್ ಕೊಡದಿದ್ದರೆ ಮನೆ ಬೇರೆಯವರಿಗೆ ಹೋಗುತ್ತದೆ ಎಂದು ಅವರು ಮೆತ್ತಗೆ ಹೇಳಿದ್ದರು.

ಹಳೇ ಮನೆಗೆ ಶುಕ್ರವಾರ ಹೊಸ ಬಾಡಿಗೆಯವರು ಬರುತ್ತಾರೆ ಎಂದು ತಿಳಿದು ಬೆಳಿಗ್ಗೆಯೇ ಹೋದೆ. ವನಿತಾ ಎಂಬ ಹುಡುಗಿ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಅಮ್ಮಾಜಮ್ಮ ಅದೇ ಮೂಲೆಯಲ್ಲಿ ಬಗ್ಗಿ ಒತ್ತೊತ್ತಾಗಿ ರಂಗೋಲಿ ತುಂಬುತ್ತಿದ್ದಳು. ಪಕ್ಕದಲ್ಲಿ ಅದೇ ಮೂರು ಇಟ್ಟಿಗೆ, ನೆಲ ಒರೆಸಿದ ನೀರಿನ ಬಕೆಟ್ಟು. ನನ್ನ ಮೈಯೆಲ್ಲ ಉರಿದುಹೋಯಿತು. ಬಕೆಟ್ಟಿನಲ್ಲಿ ಸೆರಗು ಅದ್ದಿ ರಂಗೋಲಿಯನ್ನು ಒರೆಸಿಬಿಟ್ಟೆ.

"ಅಯ್ಯೋ, ಒಳ್ಳೇ ಕೆಲ್ಸದ ಒತ್ನಲ್ಲಿ ಇದೇನಮ್ಮ ಇದು!" ಎಂದು ಅಮ್ಮಾಜಮ್ಮ ಕಿರುಚಿದಳು.

ಕೆಳಗಿನ ಕಲೆ ಎದ್ದು ಕಂಡಿತು. ವನಿತಾ ಹಿಂದೆ ಸರಿದು, "ಯಾರಕ್ಕಾ ಸುಟ್ಟಿದ್ದು?" ಎಂದಳು.

"ನಾನೇ ಅಂತ ಇವರು ನನ್ನ ದುಡ್ಡು ಹಿಡಿದಿದ್ದಾರೆ. ನಾಳೆ ನೀನೇ ಅಂತಾರೆ."

ವನಿತಾ ಗಂಡನನ್ನು ಕೂಗಿ, ಸಾಮಾನು ಇಳಿಸಬೇಡಿ ಎಂದಳು. ಅಮ್ಮಾಜಮ್ಮನಿಗೆ ದಿಗಿಲಾಯಿತು. "ಇಲ್ಲ ಕಣಮ್ಮ, ಅದು ಯಾವ್ ಕಾಲದ್ದೋ! ಇವ್ರು ಬರೋಕ್ ಮುಂಚಿಂದ್ಲೂ ಐತೆ!" ಎಂದವಳೇ ನಾಲಿಗೆ ಕಚ್ಚಿಕೊಂಡಳು.

ನಾನು ಕೈ ಚಾಚಿದೆ. ಅವಳು ಒಳಗಿನಿಂದ ನೋಟು ತಂದು, "ತಗಂಡೋಗು, ಇನ್ನ ಈ ಕಡೆ ಬರ್ಬ್ಯಾಡ," ಎಂದು ಕೈಗೆ ತುರುಕಿದಳು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ.

ಭಾನುವಾರ ಬಂಗಾರಪೇಟೆಯಲ್ಲಿ ಕಲ್ಪನ ಅಡ್ವಾನ್ಸ್ ತೆಗೆದುಕೊಂಡು, ಕುಂಕುಮ ಕೊಟ್ಟು ಒಳಗೆ ಕರೆದರು. ನಡುಮನೆಯಲ್ಲಿ ಒಂದು ತಾವರೆ ರಂಗೋಲಿ.

"ನೀವು ಬತ್ತೀರಾಂತ ಬೆಳಿಗ್ಗೇನೇ ಎದ್ದು ಆಕ್ದೆ. ಚೆನ್ನಾಗೈತಾ?"

ಅವರು ಮಾತು ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಕಾಲು ತೊಳೆದು ಬಂದ ನನ್ನ ಒದ್ದೆ ಕೈ ತಾವರೆಯ ಮೇಲೆ ಓಡಿತ್ತು. ಕೆಳಗಿನ ನೆಲದಲ್ಲಿ ಒಂದು ಚುಕ್ಕೆ ಕಲೆಯೂ ಇರಲಿಲ್ಲ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಕಲ್ಪನ ರಂಗೋಲಿ ಡಬ್ಬಿ ತಂದು ನನ್ನ ಮುಂದಿಟ್ಟು, "ನೀವೇ ಆಕ್ಕೊಳ್ಳಿ," ಎಂದು ಹೊರಗೆ ಹೋದರು.