ಬೆಟ್ಟದ ಮೇಲಿನ ಒದ್ದೆ ಬಟ್ಟೆ

ಮೂವತ್ತೊಂದು ವರ್ಷದಿಂದ ನಾನು ಮೈದಾನಗಳನ್ನು ಮಾಡುತ್ತಿದ್ದೇನೆ. ಬೆಟ್ಟಗಳು ಅಣ್ಣನವು. ಶಾಲೆಗಳಿಗೆ ಉಬ್ಬುನಕ್ಷೆ ಮಾಡಿಕೊಡುವ ಕಾರ್ಯಾಗಾರದಲ್ಲಿ ಒಂದೇ ಮೇಜಿನ ಎರಡು ಬದಿಗೆ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡವರು ನಾವು. ನೋಡಲು ಬಂದವರೆಲ್ಲ ಮೊದಲು ಬೆಟ್ಟ ಮುಟ್ಟಿ "ಅಬ್ಬಬ್ಬಾ!" ಅನ್ನುತ್ತಾರೆ. ಆಮೇಲೆ ಕೈಲಿದ್ದ ಚೀಲವನ್ನು ನನ್ನ ಮೈದಾನದ ಮೇಲೆ ಇಡುತ್ತಾರೆ.

ಈ ಸಲ ಬಂದದ್ದು ದಕ್ಷಿಣ ಅಮೆರಿಕ, ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ. ಬಾಗಿಲಿಗಿಂತ ಉದ್ದದ ಹಲಗೆ. ಪಶ್ಚಿಮದ ಅಂಚಿಗೆ ಆಂಡಿಸ್ ಪರ್ವತ, ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದೇ ಬೆನ್ನುಮೂಳೆ. ಅದರ ಬುಡದಲ್ಲಿ, ಸಮುದ್ರಕ್ಕೆ ಅಂಟಿಕೊಂಡು, ಮಳೆಯ ಮುಖವನ್ನೇ ಕಾಣದ ಅಟಕಾಮ ಮರುಭೂಮಿ. ಅದಕ್ಕೆ ಜರಡಿ ಹಿಡಿದ ಮರಳು ಅಂಟಿಸಬೇಕು. ನಡುವಿನ ಅಮೆಜಾನ್ ಕಾಡಿಗೆ ಮರದ ಹೊಟ್ಟು. ಕೆಳಗಿನ ಪಂಪಾಸ್ ಹುಲ್ಲುಗಾವಲಿಗೆ ಮಖಮಲ್ಲು. ಇನ್ನೂ ಕೆಳಗೆ, ಗಾಳಿ ಬಿಟ್ಟರೆ ಬೇರೇನೂ ಹೆಚ್ಚಿಗೆ ಇಲ್ಲದ ಪೆಟಗೋನಿಯಕ್ಕೆ ಒರಟು ಕಲ್ಲುಪುಡಿ, ತುದಿಯ ಹಿಮನದಿಗಳಿಗೆ ಮೇಣ. ಒಂದೇ ಖಂಡದಲ್ಲಿ ಇಷ್ಟೆಲ್ಲ ತುರುಕಿದವನಿಗೆ ಸೊಂಟನೋವು ಇರಲಿಲ್ಲವೆಂದು ಕಾಣುತ್ತದೆ.

ಬೆಟ್ಟಕ್ಕಾದರೆ ಸುಳ್ಳು ಹೇಳುವ ಅನುಕೂಲವಿದೆ. ನಿಜವಾದ ಅಳತೆಯಲ್ಲಿ ಮಾಡಿದರೆ ಆಂಡಿಸ್ ನಮ್ಮ ಹಲಗೆಯ ಮೇಲೆ ಒಂದು ನಾಣ್ಯದ ದಪ್ಪ ಬಂದೀತು, ಅಷ್ಟೇ. ಅದಕ್ಕೆ ಎತ್ತರವನ್ನು ಹದಿನೈದು ಪಟ್ಟು ಹಿಗ್ಗಿಸುತ್ತೇವೆ. ಮೈದಾನವನ್ನು ಎಷ್ಟು ಹಿಗ್ಗಿಸಿದರೂ ಅದು ಮೈದಾನವೇ. ಅಮೆಜಾನ್ ನದಿ ಕಡೆಯ ಮೂರೂವರೆ ಸಾವಿರ ಕಿಲೋಮೀಟರ್ ಹರಿದು ಇಳಿಯುವುದು ಸುಮಾರು ನೂರು ಮೀಟರ್ ಮಾತ್ರ. ಆ ಇಳಿಜಾರನ್ನು ನಾನು ಹನ್ನೊಂದು ದಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಉಜ್ಜಿ ತಂದಿದ್ದೆ. ಯಾರ ಕಣ್ಣಿಗೂ ಬೀಳದ ಕೆಲಸ.

ಆದರೆ ನನ್ನ ಸುಸ್ತಿಗೆ ಮೈದಾನ ಕಾರಣವಲ್ಲ. ಎರಡು ವರ್ಷದಿಂದ ಅಣ್ಣನ ಕಣ್ಣು ಮಂಜಾಗುತ್ತ ಬಂದಿತ್ತು. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಮೇಜಿನ ಅಂಚು ಸವರಿಕೊಂಡು ಚಹಾದ ಲೋಟ ಹುಡುಕುವವನ ಕಣ್ಣು ಹೇಗಿದೆಯೆಂದು ತಿಳಿಯಲು ಡಾಕ್ಟರು ಬೇಕಾಗಿಲ್ಲ. ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು, "ಕಣ್ಣು ನೆಟ್ಟಗಿರೋವರೆಗೂ ನಿಮ್ಮಣ್ಣ ಇರ್ಲಿ. ಆಮೇಲೆ ಮನೇಲಿ ಆರಾಮಾಗಿರ್ಲಿ" ಎಂದು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನಿಗೆ ಮನೆ ಎಂದರೆ ನಾಲ್ಕು ಗೋಡೆ. ಈ ಮೇಜು ಕಿತ್ತುಕೊಂಡರೆ ಅವನು ಉಳಿಯುವುದಿಲ್ಲವೆಂಬ ಭಯ ನನಗೆ. ಹಾಗಾಗಿ ದಿನಾ ಬೆಳಿಗ್ಗೆ ಐದೂವರೆಗೆ ಬಂದು, ಹಿಂದಿನ ದಿನ ಅವನು ಮಾಡಿಟ್ಟ ಬೆಟ್ಟಗಳನ್ನು ತಿದ್ದಿ, ಎಂಟಕ್ಕೆ ಅವನು ಬರುವಷ್ಟರಲ್ಲಿ ಏನೂ ಅರಿಯದವಳ ಹಾಗೆ ಮೈದಾನದ ಕಡೆ ನಿಂತಿರುತ್ತಿದ್ದೆ. ಎರಡು ವರ್ಷ. ಭಾನುವಾರ ಬಿಟ್ಟು.

ನಮ್ಮ ಬೆಟ್ಟಗಳು ಕಾಗದದ ಮುದ್ದೆಯವು: ಹಳೆಯ ಕಾಗದ ನೆನೆಸಿ ಅರೆದು, ಅಂಟು ಮತ್ತು ಸೀಮೆಸುಣ್ಣದ ಪುಡಿ ಕಲಸಿದ್ದು. ಒದ್ದೆಯಿದ್ದಾಗ ಹೇಳಿದಂತೆ ಕೇಳುತ್ತದೆ, ಒಣಗಿದರೆ ಮೂಳೆ. ನನ್ನ ಪುಣ್ಯಕ್ಕೆ ಅಣ್ಣನಿಗೆ ಹೊಸದೊಂದು ಗೀಳು ಹತ್ತಿತ್ತು. ಮೊದಲೆಲ್ಲ ಸಂಜೆ ಕೆಲಸವನ್ನು ಗಾಳಿಗೆ ತೆರೆದಿಟ್ಟು ಹೋಗುತ್ತಿದ್ದವನು ಈಗ ಮುಗಿದ ಬೆಟ್ಟದ ಮೇಲೂ ಒದ್ದೆ ಬಟ್ಟೆ ಹೊದಿಸಿ ಹೋಗುತ್ತಿದ್ದ. ವಯಸ್ಸಾಯಿತು, ಅರಳು ಮರಳು ಅಂದುಕೊಂಡೆ. ಗೀಳು ಯಾವುದಾದರೇನು, ನನ್ನ ಕೆಲಸ ಸುಲಭವಾಯಿತು.

ಶಾಲೆಯ ಟೀಚರ್ ಬಂದು ನಕ್ಷೆ ಪರೀಕ್ಷಿಸಲು ನಾಲ್ಕು ದಿನ ಇದೆ ಎನ್ನುವಾಗ ನನಗೆ ಜ್ವರ ಬಂತು. ಮೂರು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದು ನೋಡಿದೆ.

ನಮ್ಮಲ್ಲಿ ಬೆಟ್ಟ ಕಟ್ಟುವ ಮೊದಲೇ ಶಿಖರಕ್ಕೆ ಬಿಳಿ ಗುಂಡುಸೂಜಿ, ಸರೋವರಕ್ಕೆ ಕೆಂಪು ಗುಂಡುಸೂಜಿ ಚುಚ್ಚಿ ಗುರುತು ಮಾಡುತ್ತೇವೆ. ಆಂಡಿಸ್ ನಡುವಿನಲ್ಲಿ ಎರಡು ಸಾಲಾಗಿ ಸೀಳಿ, ಆ ಸಾಲುಗಳ ಮಧ್ಯದ ಎತ್ತರದ ಪ್ರಸ್ಥಭೂಮಿಯಲ್ಲಿ ಟಿಟಿಕಾಕಾ ಸರೋವರವನ್ನು ಮಡಿಲಲ್ಲಿಟ್ಟುಕೊಂಡಿದೆ. ಅಣ್ಣ ಆ ಮಡಿಲಲ್ಲಿ ಚೂಪಾದ ಶಿಖರವೊಂದನ್ನು ಎಬ್ಬಿಸಿದ್ದ. ಪಶ್ಚಿಮದ ಸಾಲಿನ ನೆತ್ತಿಯ ಮೇಲೆ, ಜ್ವಾಲಾಮುಖಿ ಇರಬೇಕಾದಲ್ಲಿ, ಅಚ್ಚುಕಟ್ಟಾಗಿ ಸರೋವರ ತೋಡಿದ್ದ. ಬೆರಳಲ್ಲಿ ಒತ್ತಿದೆ. ಮೂಳೆ. ಹೊದಿಸುವ ಬಟ್ಟೆ ಒಣಗಿ ಮೊಳೆಗೆ ನೇತುಬಿದ್ದಿತ್ತು. ತಿದ್ದಲು ಒಂದು ದಿನವಾದರೂ ಬೇಕು, ಟೀಚರ್ ಬರುವುದು ಹತ್ತು ಗಂಟೆಗೆ.

ಅಣ್ಣ ಎಂಟಕ್ಕೆ ಬಂದು ತನ್ನ ಬದಿಗೆ ನಿಂತ. ಟೀಚರ್ ಹತ್ತಕ್ಕೆ ಸರಿಯಾಗಿ ಬಂದರು. ಆ ಶಾಲೆಯ ಭೂಗೋಳದ ಟೀಚರಿಗೂ ಕಣ್ಣು ಕಾಣದು. ಕೋಲು ಮಡಚಿ ಬಗಲಿಗಿಟ್ಟು, ಪರ್ಸಿನಿಂದ ಸೈಕಲ್ ಬೇರಿಂಗಿನ ಪುಟ್ಟ ಉಕ್ಕಿನ ಗುಂಡೊಂದನ್ನು ತೆಗೆದರು.

"ನದಿ ಎಲ್ಲಿಂದ ಶುರು?" ಎಂದರು. ಬೆರಳು ಹಿಡಿದು ತೋರಿಸಿದೆ. ಗುಂಡನ್ನು ಅಮೆಜಾನಿನ ಗೆರೆಯಲ್ಲಿ ಬಿಟ್ಟು, ತಲೆ ಓರೆ ಮಾಡಿ ಕೇಳಿಸಿಕೊಂಡರು. ಬೆಟ್ಟದಿಂದ ಸರ್ರನೆ ಇಳಿದ ಗುಂಡು ಮೈದಾನಕ್ಕೆ ಬಂದು ನಿಧಾನವಾಯಿತು. ನಿಲ್ಲಲಿಲ್ಲ. ಹಲಗೆಯ ಅಗಲಕ್ಕೂ ಸಣ್ಣಗೆ ಸದ್ದು ಮಾಡುತ್ತ ಹೋಗಿ ಸಮುದ್ರದಲ್ಲಿ ಟಣ್ಣೆಂದು ಬಿತ್ತು.

"ಎಷ್ಟೋ ನಕ್ಷೆ ನೋಡಿದೀನಿ. ಎಲ್ಲಾದ್ರಲ್ಲೂ ಗುಂಡು ಕಾಡಿನ ಮಧ್ಯ ನಿಂತುಬಿಡತ್ತೆ. ಇದನ್ನ ಯಾರು ಮಾಡಿದ್ದು?"

"ನನ್ನ ತಂಗಿ" ಎಂದ ಅಣ್ಣ.

ಮೂವತ್ತೊಂದು ವರ್ಷದಲ್ಲಿ ಒಬ್ಬರು ನನ್ನ ಮೈದಾನವನ್ನು ಮೆಚ್ಚಿದರು, ಅದೂ ನನಗೆ ಖುಷಿಪಡಲು ಪುರುಸೊತ್ತಿಲ್ಲದ ದಿನ. ಯಾಕೆಂದರೆ ಟೀಚರ ಕೈ ಆಗಲೇ ಆಂಡಿಸ್ ಹತ್ತುತ್ತಿತ್ತು. ಪ್ರಸ್ಥಭೂಮಿಗೆ ಬಂತು. ಶಿಖರಕ್ಕೆ ತಾಗಿತು, ಸುತ್ತು ಹಾಕಿತು, ಮತ್ತೆ ತಾಗಿತು. ಪಶ್ಚಿಮದ ಸಾಲಿಗೆ ಸರಿದು ನೆತ್ತಿಯ ಗುಂಡಿಯಲ್ಲಿ ನಿಂತಿತು. ಟೀಚರಿಗೆ ನಗು ಬಂತು.

"ಅಯ್ಯೋ, ಸರೋವರ ಬೆಟ್ಟ ಹತ್ತಿ ಕೂತುಬಿಟ್ಟಿದೆಯಲ್ರೀ! ಇದ್ಯಾರ ಕೆಲ್ಸ?"

"ನಂದೇ" ಎಂದೆ. "ಜ್ವರ ಇತ್ತು, ತಲೆ ಓಡಲಿಲ್ಲ."

"ಸುಮ್ನಿರೇ" ಎಂದ ಅಣ್ಣ. ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದಿದ್ದ. "ನಾನು ಮಾಡಿದ್ದು ಟೀಚರ್. ಕೆಂಪು ಸೂಜಿ ಯಾವ್ದು, ಬಿಳಿ ಯಾವ್ದು ಗೊತ್ತಾಗ್ಲಿಲ್ಲ. ಕಣ್ಣು ಕಾಣ್ತಿಲ್ಲ ನಂಗೆ. ಎರಡು ವರ್ಷ ಆಯ್ತು."

ನಾನು ಎರಡು ವರ್ಷ ಬಾಯಲ್ಲಿಟ್ಟುಕೊಂಡು ತಿರುಗಿದ್ದನ್ನು ಅವನು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ.

ಟೀಚರ್ ಸಮುದ್ರದಿಂದ ಗುಂಡನ್ನು ತಡಕಿ ತೆಗೆದು ಪರ್ಸಿಗೆ ಹಾಕಿಕೊಂಡರು. "ಮತ್ತೆ ಬಣ್ಣದ ಸೂಜಿ ಯಾಕೆ ಇಟ್ಕೊಂಡಿದೀರಿ? ಶಿಖರಕ್ಕೆ ದೊಡ್ಡ ತಲೆದು, ಸರೋವರಕ್ಕೆ ಚಿಕ್ಕ ತಲೆದು ಇಟ್ಕೊಳ್ಳಿ" ಎಂದು ಕೋಲು ಬಿಚ್ಚಿದರು. "ಸರೋವರ ತಿದ್ದಿ ಕೊಡಬೇಕು, ಮಿಕ್ಕಿದ್ದೆಲ್ಲ ಸರಿ ಅಂತ ಬರೀತೀನಿ. ಗುರುವಾರ ಮತ್ತೆ ಬರ್ತೀನಿ. ಮಾಡಿದವ್ರ ಕಣ್ಣಿನ ವಿಷಯ ಬರೆಯೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ. ಇದ್ದಿದ್ರೆ ನೋಡಿದವ್ರದ್ದೂ ಬರೀಬೇಕಾಗಿತ್ತು."

ಅವರು ಹೋದ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಕೆಂಡದಂಥ ಸಿಟ್ಟು ಬಂತು.

"ಇಷ್ಟು ಸಲೀಸಾಗಿ ಹೇಳೋ ಹಾಗಿದ್ರೆ ನಂಗ್ಯಾಕೆ ಹೇಳ್ಲಿಲ್ಲ? ದಿನಾ ಕತ್ತಲಲ್ಲಿ ಎದ್ದು ಬಂದು ನಿನ್ನ ಬೆಟ್ಟ ತಿದ್ದಿ ತಿದ್ದಿ ನನ್ನ ಸೊಂಟ ಬಿದ್ದುಹೋಯ್ತು ಕಣೋ!"

ಬಾಯಿಂದ ಬಿದ್ದುಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡೆ. ಅಣ್ಣ ಮಾತ್ರ ಬೆಚ್ಚಲಿಲ್ಲ.

"ಗೊತ್ತು."

"ಏನ್ ಗೊತ್ತು?"

"ಮೊದಲ್ನೇ ವಾರದಿಂದ್ಲೂ ಗೊತ್ತು. ನಾನು ಮಾಡಿಟ್ಟ ಬೆಟ್ಟ ಬೆಳಿಗ್ಗೆ ಮುಟ್ಟಿದ್ರೆ ಬೇರೆ ಬೆಟ್ಟ. ಕಣ್ಣು ಹೋಗಿದೆ, ಕೈ ಹೋಗಿದೆಯಾ?" ಮೊಳೆಯ ಮೇಲಿನ ಬಟ್ಟೆಯನ್ನು ತಡಕಿ ತೆಗೆದುಕೊಂಡ. "ಒಣಗಿಬಿಟ್ರೆ ನಿಂಗೆ ತಿದ್ದೋಕೆ ಕಷ್ಟ ಅಂತಾನೇ ಇದನ್ನ ಹೊದಿಸಿ ಹೋಗ್ತಿದ್ದೆ, ಪುಟ್ಟೀ. ಈ ಸಲಾನೂ ಎರಡು ದಿನ ನೀರು ಹಾಕಿ ಹಾಕಿ ಇಟ್ಟೆ, ಟೀಚರ್ ಬರೋಷ್ಟ್ರಲ್ಲಿ ಒಣಗ್ಬೇಕಲ್ಲ ಅಂತ ನಿನ್ನೆ ಬೆಳಿಗ್ಗೆ ತೆಗೆದೆ. ನೀನು ಬರ್ಲೇ ಇಲ್ಲ."

ಸ್ಟೂಲಿನ ಮೇಲೆ ಕೂತೆ. ಎರಡು ವರ್ಷದ ನಿದ್ದೆಯೆಲ್ಲ ಒಟ್ಟಿಗೆ ಕಣ್ಣಿಗೆ ಬಂದಂತಾಯಿತು. ಅತ್ತುಬಿಟ್ಟೆ; ಅದು ಸಿಟ್ಟಿಗೋ ಸುಸ್ತಿಗೋ ಅವನ ಮೇಲಿನ ಅಕ್ಕರೆಗೋ ನನಗೇ ತಿಳಿಯಲಿಲ್ಲ. ಅವನು ಚಹಾ ತರಲು ಹೋಗಿ, ಅರ್ಧ ಚೆಲ್ಲಿಕೊಂಡು ತಂದು ಕೊಟ್ಟ.

ಮಧ್ಯಾಹ್ನವಿಡೀ ಉಳಿ ಹಿಡಿದು ಆ ಶಿಖರವನ್ನು ಕೆತ್ತಿ ತೆಗೆದೆ. ನೆತ್ತಿಯ ಗುಂಡಿಗೆ ಅವನು ಹೊಸ ಮುದ್ದೆ ತುಂಬಿ ಜ್ವಾಲಾಮುಖಿ ಎಬ್ಬಿಸಿದ. ಸಂಜೆ, ಅಭ್ಯಾಸಬಲದಿಂದ, ಬಟ್ಟೆಯನ್ನು ಬಕೆಟಿನಲ್ಲಿ ಅದ್ದಿ ಹಿಂಡಿದ.

"ನಾಳೆ ಎಷ್ಟೊತ್ತಿಗೆ ಬರ್ತೀಯ?"

"ಎಂಟಕ್ಕೆ. ಒಂದು ನಿಮಿಷ ಮುಂಚೆ ಬರಲ್ಲ."

ಅವನು ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ. ಆಮೇಲೆ ಅದನ್ನು ಮೊಳೆಗೆ ತಗುಲಿಸಿ, ಮೇಜಿನ ನನ್ನ ಬದಿಗೆ ಬಂದ. "ಹಾಗಾದ್ರೆ ಈಗ್ಲೇ ನೋಡಿ ಹೇಳು. ಸರಿ ಇದೆಯಾ?"

ಇಷ್ಟು ವರ್ಷದಲ್ಲಿ ಅವನು ನನ್ನನ್ನು ಹಾಗೆ ಕೇಳಿದ್ದಿಲ್ಲ. ಅವನ ಕೈಯ ಪಕ್ಕದಲ್ಲಿ ನನ್ನ ಕೈಯಿಟ್ಟು, ಒದ್ದೆ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಸವರಿದೆ.

"ಇಲ್ಲ" ಎಂದೆ. "ಸ್ವಲ್ಪ ಎಡಕ್ಕೆ ವಾಲಿದೆ."