ಹದ್ದಿನ ಬಂಡೆ

“ಎಲ್ಲಿ ಸತ್ತಿದ್ದಿ ಹಾಟ್ಯಾಳಿ? ಹೋರಿ ನಾರಾಕ ಹತ್ತೇತಿ. ಎಳಕೊಂಡ ಹೋಗ ಲಗೂನ!”

ನಿಂಗರಾಜಗೌಡ ಮೂಗಿಗೆ ಟವೆಲ್ ಒತ್ತಿಕೊಂಡು ಕೊಟ್ಟಿಗೆಯ ಮುಂದೆ ನಿಂತಿದ್ದ. ಸತ್ಯವ್ವ ತಳ್ಳುಗಾಡಿಯನ್ನು ಅಂಗಳದ ಹೊರಗೇ ನಿಲ್ಲಿಸಿದಳು. ಆ ಮನೆಯಲ್ಲಿ ದನದ ಹೆಣ ಬಿದ್ದಾಗ ಮಾತ್ರ ಅವಳಿಗೆ ಒಳಗೆ ಅಪ್ಪಣೆ. ವರ್ಷ ತುಂಬದ ಖಿಲಾರಿ ಹೋರಿಕರು ಕಾಲು ಸೆಟೆದು ಬಿದ್ದಿತ್ತು. ಕುತ್ತಿಗೆಯ ಮೇಲೆ ಸೂಜಿ ಚುಚ್ಚಿದ ಗಂಟುಗಳು ಎದ್ದಿದ್ದವು.

“ಗೌಡ್ರ, ನೋವಿನ ಸೂಜಿ ಮಾಡಿಸಿದ್ರೇನ್ರಿ?”

“ಐದ ದಿನಾ ಮಾಡ್ಸೇನಿ. ಈಗ ನೀ ಡಾಕ್ಟರ ಆದೇನ?”

ರಾಮದುರ್ಗದಾಚೆಯ ಈ ಊರಲ್ಲಿ ಸತ್ತ ದನ ಎಳೆಯಲು ಉಳಿದವಳು ಅವಳೊಬ್ಬಳೇ. ಮಾದಿಗರ ಓಣಿಯ ಉಳಿದವರೆಲ್ಲ ಆ ಕೆಲಸ ಬಿಟ್ಟು ಕಬ್ಬು ಕಡಿಯಲು, ಗಾರೆ ಹೊರಲು ಹೋಗುತ್ತಿದ್ದರು. “ನಮ್ಮ ಮರ್ಯಾದಿ ಕಳೀತಿ” ಎಂದು ಸ್ವಂತ ನಾದಿನಿಯೇ ಮಾತು ಬಿಟ್ಟಿದ್ದಳು. ನಳದ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಸತ್ತ ದನ ಹಾಕುವ ಗುಡ್ಡದ ಬಂಡೆಯ ಮೇಲೆ, ಎರಡು ಬಿಳಿ ರಣಹದ್ದುಗಳ ಜೊತೆ. ಹಳದಿ ಮೋರೆಯ ಆ ಜೋಡಿ, ಗಾಡಿಯ ಸಪ್ಪಳ ಕೇಳಿದರೆ ಸಾಕು, ಇಳಿದು ಬಂದು ಅವಳ ಮಗ್ಗುಲಲ್ಲೇ ಕೂರುತ್ತಿತ್ತು. “ಬರ್ರೆವ್ವಾ, ಉಣ್ರಿ” ಎಂದು ತಾನೂ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು.

ಹೋದ ತಿಂಗಳು ಅರಣ್ಯ ಇಲಾಖೆಯ ಜಂಗಲ್ ಸಾಹೇಬ ಕ್ಯಾಮೆರಾದ ಅತಿಥಿಗಳನ್ನು ಕರೆತಂದಿದ್ದ. ‘ಅಳಿವಿನಂಚಿನ ಪಕ್ಷಿ, ರಕ್ಷಿಸಿ’ ಎಂಬ ಬೋರ್ಡು ನೆಡಿಸಿದ.

“ಏ ಮುದುಕಿ, ಆ ಕಡಿ ಸರಿ. ಫೋಟೋದಾಗ ನೀ ಬರಬಾರದು.”

ಹೋಗುವಾಗ ಬೆರಳೆತ್ತಿದ. “ನೋವಿನ ಸೂಜಿ ಮಾಡಿದ ದನಾ ತಿಂದ್ರ ಇವು ಸಾಯ್ತಾವ. ಹಂತಾದ ತಂದ ಹಾಕಿದ್ರ ಜೇಲಿಗೆ ಹಾಕಸ್ತೀನಿ, ನೋಡ.”

ಸೂಜಿ ಮಾಡಿಸುವವರಿಗೆ ಏನೂ ಹೇಳಲಿಲ್ಲ. ಗೌಡನ ಮನೆಯಲ್ಲಿ ಚಹಾ ಕುಡಿದು ಜೀಪು ಹತ್ತಿದ.

ಸತ್ಯವ್ವ ಹೋರಿಕರುವಿನಿಂದ ನೋಟ ಕಿತ್ತು ಗೌಡನತ್ತ ತಿರುಗಿದಳು.

“ಇದನ್ನ ಗುಡ್ಡದ ಮ್ಯಾಲ ಒಯ್ಯೂದಿಲ್ರಿ, ತಿಂದ್ರ ಹದ್ದ ಸಾಯ್ತಾವ. ನಿಮ್ಮ ಹೊಲದಾಗ ಒಂದ ತಗ್ಗ ತಗಸ್ರಿ. ನಾನ ಹುಗೀತೇನಿ.”

“ನನ್ನ ಹೊಲದಾಗ ನೀ ಕಾಲಿಡತೀಯೇನ? ಹದ್ದ ಸತ್ರ ನಿಮ್ಮಪ್ಪ ಸತ್ತಂಗೇನ, ರಂಡಿ?”

“ಗಂಡ ಸತ್ತಾಗ ಈ ಊರಾಗ ನನ್ನ ಬಾಜೂಕ ಯಾರೂ ಕುಂದರಲಿಲ್ರಿ. ಅವು ಕುಂದರ್ತಾವ.”

ಗೌಡ ಕಾಲ ಬಳಿಯ ಸೆಗಣಿ ಬಾಚಿ ಎಸೆದ. ಅದು ಅವಳ ಎದೆಗೆ ಬಡಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಗಾಡಿ ತಿರುಗಿಸಿದಳು. ಮೂವತ್ತು ವರ್ಷದಲ್ಲಿ ಆ ಮನೆಯಿಂದ ಬರಿಗಾಡಿ ತಳ್ಳಿಕೊಂಡು ಬಂದದ್ದು ಅದೇ ಮೊದಲು.

ಬೋರ್ಡಿನ ಮೇಲಿದ್ದ ನಂಬರಿಗೆ ಕಿರಾಣಿ ಅಂಗಡಿಯ ಟಿಪ್ಪುಸಾಬ ಫೋನು ಹಚ್ಚಿಕೊಟ್ಟ. “ಮೀಟಿಂಗನ್ಯಾಗ ಅದೀನಿ. ನಾಳಿ ನೋಡೂಣು,” ಎಂದು ಸಾಹೇಬ ಇಟ್ಟುಬಿಟ್ಟ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಗೌಡನ ಟ್ರ್ಯಾಕ್ಟರು ಹೋರಿಕರುವನ್ನು ಹಗ್ಗ ಕಟ್ಟಿ ಎಳೆದು, ಬಂಡೆಯ ಮೇಲೆ ಒಗೆದು ಬಂತು. ಸತ್ಯವ್ವ ಏದುಸಿರು ಬಿಡುತ್ತ ಗುಡ್ಡ ಹತ್ತಿದಳು. ಬಂಡೆಯಲ್ಲಿ ಸಲಿಕೆ ಇಳಿಯುವಂತಿರಲಿಲ್ಲ. ಬೇರೆಲ್ಲಾದರೂ ಒಯ್ದು ಹುಗಿಯೋಣವೆಂದರೆ ಅವಳ ಹೆಸರಿಗೆ ಗೇಣು ನೆಲವಿರಲಿಲ್ಲ.

ಹದ್ದುಗಳು ಇಳಿದು ಎಂದಿನಂತೆ ಅವಳ ಮಗ್ಗುಲಿಗೇ ಬಂದವು.

“ಇದ ಉಣ್ಣಬ್ಯಾಡ್ರೆವ್ವಾ. ಹೋಗ್ರಿ.”

ಕೈ ಬೀಸಿದಳು. ಗುರುತಿನ ಕೈ ಅದು. ಅವು ಇನ್ನೂ ಹತ್ತಿರ ಬಂದವು. ಒಂದು ಹೆಣದ ಕಣ್ಣಿಗೆ ಕೊಕ್ಕು ಚಾಚಿತು. ಸತ್ಯವ್ವ ಬಗ್ಗಿ ಕಲ್ಲೆತ್ತಿದಳು. ಮೊದಲನೆಯದನ್ನು ಬೇಕೆಂದೇ ಗುರಿ ತಪ್ಪಿಸಿ ಎಸೆದಳು. ಎರಡನೆಯದು ರೆಕ್ಕೆಗೆ ತಾಗಿತು.

“ಬರಬ್ಯಾಡ್ರೇ ಬೋಸುಡಿಗೋಳ್ಯಾ! ನನ್ನ ಹಂತ್ಯಾಕ ಬರಬ್ಯಾಡ್ರಿ!”

ಎರಡೂ ಗಾಬರಿಯಿಂದ ಮೇಲೇರಿದವು. ಆದರೆ ದೂರ ಹೋಗಲಿಲ್ಲ. ಅವಳ ತಲೆಯ ಮೇಲೇ ಸುತ್ತತೊಡಗಿದವು. ಸತ್ಯವ್ವ ಸೆರಗಿನ ತುಂಬ ಕಲ್ಲು ಆರಿಸಿಕೊಂಡು ಹೆಣದ ಪಕ್ಕ ಕುಳಿತಳು. ಅದು ಕೊಳೆತು ಎಲುಬಾಗಲು ಇನ್ನೆಷ್ಟು ದಿನವೋ.