ಕಡಿದಲ್ಲಿಂದ ಮುಂದೆ

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದ ಮೀರಾಬಾಯಿ ಕೈ ನಿಲ್ಲಿಸದೆಯೇ ಕೇಳಿದಳು: "ಇವರ ಹೆಸರು ತೆಗೀತಾರಂತೇನು?"

ಬಸವಕಲ್ಯಾಣದ ಕಾಲೇಜಿನಲ್ಲಿ ಪಾಠ ಹೇಳುವ ಸ್ನೇಹಲ್ ತಲೆ ತಗ್ಗಿಸಿದಳು. ಇಂಟರ್ನೆಟ್ಟಿನ ಹೊಸ ನಿಯಮವೊಂದನ್ನು ಅವಳೂ ಮೀರಾಬಾಯಿಯ ಗಂಡ ಶಂಕರಲಿಂಗನೂ ಕೂಡಿ ಬರೆದಿದ್ದರು. ಏಳು ವರ್ಷದ ಜಗ್ಗಾಟ ಮುಗಿದು, ಪ್ರಕಟಣೆಗೆ ಬರೆದವರಿಬ್ಬರ ಕೊನೆಯ ಒಪ್ಪಿಗೆಯಷ್ಟೇ ಬಾಕಿಯಿತ್ತು. ಸ್ನೇಹಲ್ ಕೊಟ್ಟಾಗಿತ್ತು. ನಿನ್ನೆ ಎದೆ ಹಿಡಿದುಕೊಂಡು ಕುಸಿದ ಶಂಕರಲಿಂಗ ಮತ್ತೆ ಏಳಲಿಲ್ಲ.

"ಅವರ ಹೆಸರು ಕಡೀಕ ಕೃತಜ್ಞತಾದಾಗ ಹಾಕಿದ್ರ ಇದೇ ವಾರ ಬರ್ತದ್ರಿ ವೈನಿ. ಇಲ್ಲಂದ್ರ ಅವರ ಬದಲಿ ಮ್ಯಾಲಿನವರು ಒಪ್ಪಬೇಕು. ಎಷ್ಟು ತಿಂಗಳೋ ಏನೋ."

"ಹಾಕ್ಲಿ ಬಿಡವಾ," ಎಂದ ಸತ್ತವನ ಅಣ್ಣ ಮಹಾರುದ್ರಪ್ಪ. "ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು. ಮನುಷ್ಯಾನ ಹೋದಮ್ಯಾಲ ಹೆಸರಿಂದೇನದ?"

*

ತೊಂಬತ್ತೆಂಟರಲ್ಲಿ ಹುಮನಾಬಾದಿನ ಶಂಕರಲಿಂಗನ ಕಂಪ್ಯೂಟರ್ ಅಂಗಡಿಯಿಂದ ಗುಲಬರ್ಗಾಕ್ಕೆ ಫೋನು ಹಚ್ಚಿ ಇಂಟರ್ನೆಟ್ ಹಿಡಿಯಬೇಕಿತ್ತು. ರಾಜೇಶ್ವರದ ಬೇಳೆ ವ್ಯಾಪಾರಿಯ ಮೇಲ್ ಮುಕ್ಕಾಲು ಇಳಿಯುವಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಮೊದಲಿನಿಂದ ಶುರು. ಹೀಗೇ ಹಲವು ಸಲವಾದಾಗ ಶಂಕರಲಿಂಗ ಕೆರಳಿದ. "ಹಗ್ಗ ಹರದ್ರ ಬಾವಿ ಹೊಸದಾಗಿ ತೋಡ್ತಾರೇನು? ಕಡದಲ್ಲೇ ಗಂಟು ಹಾಕಬೇಕು!"

ಅದನ್ನೇ ನಿಯಮದ ಕರಡು ಮಾಡಿ ಇಂಟರ್ನೆಟ್ಟಿನ ನಿಯಮ ಗೊತ್ತುಮಾಡುವ ಮಂಡಳಿಗೆ ಕಳಿಸಿದ. ಆರು ತಿಂಗಳೊಳಗೆ ಮತ್ತೆ ಸಲ್ಲಿಸದಿದ್ದರೆ ಕರಡು ತಾನಾಗಿ ಸಾಯುತ್ತದೆ. ಹಟಮಾರಿ ಅದನ್ನು ಸಾಯಲು ಬಿಡಲಿಲ್ಲ. ಇನ್ನೇನು ಎಲ್ಲರಿಗೂ ಒಳ್ಳೆಯ ಲೈನು ಬರುತ್ತದೆ, ಇದು ಯಾರಿಗೆ ಬೇಕು ಎಂದು ದೊಡ್ಡ ದೊಡ್ಡವರು ಮೇಲ್ ಚರ್ಚೆಯಲ್ಲಿ ಗೇಲಿ ಮಾಡಿದರೆ, "ಬರೂತನಾ ನಾವು ಉಪಾಸ ಇರಬೇಕೇನು?" ಎಂದು ಉರಿದುಬೀಳುತ್ತಿದ್ದ. ಅದನ್ನು ಸಭ್ಯ ಇಂಗ್ಲಿಷಿಗೆ ಇಳಿಸಿ ಟೈಪು ಮಾಡುತ್ತಿದ್ದವಳು ಮೀರಾಬಾಯಿ. ಸಭ್ಯತೆಯೆಲ್ಲ ಅವಳದೇ.

*

ಮೀರಾಬಾಯಿ ಎದ್ದು ನಿಂತಳು. ಬಂದ ಅಳುವನ್ನು ಸಿಟ್ಟು ಹಿಂದಕ್ಕೆ ತಳ್ಳಿತು.

"ಮನುಷ್ಯಾ ಹೋದಮ್ಯಾಲ ಹೆಸರೇ ಉಳಿಯೂದ್ರಿ ಭಾವಾ. ಅದನ್ನೂ ಹೂಳ್ರಿ ಅಂತೀರೇನು? ತಿಂಗಳಲ್ಲ, ವರ್ಷಾ ಆಗ್ಲಿ. ಕಾಯಾಕ ನಾ ಅದೀನಿ."

"ಮ್ಯಾಲಿನವರು ಒಪ್ಪಲಿಲ್ಲಂದ್ರ?" ಸ್ನೇಹಲ್ ಮೆಲ್ಲಗೆ ಕೇಳಿದಳು.

"ಒಪ್ಪೂತನಾ ಬರೀತೀನಿ."

ಸಂಜೆ ಮಣ್ಣು ಮಾಡಿ ಬಂದವಳು ಕೈಕಾಲು ಸಹ ತೊಳೆಯದೆ ನೇರ ಅಂಗಡಿಗೆ ನಡೆದಳು. ಸಾವಿನ ದಿನ ಅಂಗಡಿ ತೆರೆಯುವುದುಂಟೇ? ಬಂಧುಗಳೆಲ್ಲ ಬೀದಿಯಲ್ಲೇ ನಿಂತುಬಿಟ್ಟರು. "ಏ, ಮಂದಿ ಏನಂದಾರು!" ಎಂದು ಮಹಾರುದ್ರಪ್ಪ ಕೂಗಿದ. ಮೀರಾಬಾಯಿ ಶಟರ್ ಎತ್ತಿ ಗಂಡನ ಕುರ್ಚಿಯಲ್ಲಿ ಕೂತಳು. ಲೇಖಕರ ಹೆಸರು ಇದ್ದಲ್ಲೇ ಇರಬೇಕು ಎಂದು ಮಂಡಳಿಗೆ ಬರೆದಳು. ಅವಳ ಬೆರಳು ತಾಗಿದ ಕೀಲಿಗಳ ಮೇಲೆಲ್ಲ ಸಮಾಧಿಯ ಹಸಿ ಕೆಮ್ಮಣ್ಣು ಮೆತ್ತಿಕೊಂಡಿತ್ತು.